ಮೈಸೂರಿನ ಖರ್ಚಿನಲ್ಲಿ ಮೆಟ್ನರ್

1946ರ ಲಂಡನ್. ಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ಊರಿನ ಉತ್ತರ ಭಾಗದ ಗೋಲ್ಡರ್ಸ್ ಗ್ರೀನ್ ಬಡಾವಣೆಯ ಮನೆಯೊಂದರಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರರು ಹೆಂಡತಿ ಆನಾ ಜೊತೆ ಹೇಗೋ ದಿನ ನೂಕುತ್ತಿದ್ದರು. ವಯಸ್ಸು ಅರವತ್ತಾರು. ನಾಲ್ಕು ವರ್ಷದ ಹಿಂದೆ ಹೃದಯಾಘಾತವಾಗಿತ್ತು. ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಅಷ್ಟಿಷ್ಟು ಹಣವೂ ಯುದ್ಧ ಶುರುವಾದ ಮೇಲೆ ನಿಂತುಹೋಗಿತ್ತು. ಮನೆಗೆ ಬಂದು ಪಿಯಾನೋ ಕಲಿಯುವ ಕೆಲವು ಶಿಷ್ಯರು, ಕೈಬಿಡದ ಕೆಲವು ಗೆಳೆಯರು, ಇಷ್ಟೇ ಆಸರೆ. ಅಂಥ ಹೊತ್ತಿನಲ್ಲಿ ಅವರಿಗೆ ಮೈಸೂರಿನಿಂದ ಹೇಳಿಕೆ ಬಂತು. ಅವರ ರಚನೆಗಳನ್ನೆಲ್ಲ ಅವರ ಕೈಯಿಂದಲೇ ನುಡಿಸಿ ಗ್ರಾಮಫೋನ್ ತಟ್ಟೆಗೆ ಇಳಿಸಬೇಕು, ಖರ್ಚನ್ನು ಮಹಾರಾಜರು ನೋಡಿಕೊಳ್ಳುತ್ತಾರೆ.

ಆ ಮಹಾರಾಜರು ಜಯಚಾಮರಾಜೇಂದ್ರ ಒಡೆಯರ್. ಹುಟ್ಟಿದ್ದು 1919ರ ಜುಲೈ 18ರಂದು. ಅಂದರೆ ತನಗಿಂತ ಸುಮಾರು ನಲವತ್ತು ವರ್ಷ ದೊಡ್ಡ ಸಂಗೀತಗಾರನೊಬ್ಬನ ಕೊನೆಗಾಲವನ್ನು ಉಳಿಸಲು ಹೊರಟವರಿಗೆ ಆಗಿನ್ನೂ ಇಪ್ಪತ್ತೇಳರ ಆಸುಪಾಸು. ಯಾವ ಪಕ್ಷಕ್ಕೂ, ಯಾವ ಫ್ಯಾಶನ್ನಿಗೂ ಸೇರದೆ ಮೂಲೆಗುಂಪಾಗಿದ್ದ ರೊಮ್ಯಾಂಟಿಕ್ ಯುಗದ ಕೊನೆಯ ಕೊಂಡಿಯೊಂದನ್ನು ರೆಕಾರ್ಡಿನ ಮೂಲಕ ಲೋಕಕ್ಕೆ ಕೇಳಿಸಿದ ಕಥೆ ಇದು. ಯುರೋಪಿನ ಸಂಗೀತಪ್ರಿಯರಿಗೆ ಇದು ಚೆನ್ನಾಗಿ ಗೊತ್ತು. ನಮ್ಮಲ್ಲಿ ಮೈಸೂರಿನ ಬಗ್ಗೆ ಅಷ್ಟೊಂದು ಪುಸ್ತಕಗಳಿದ್ದರೂ ಇದಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಪ್ಯಾರಾ.

ಮೆಟ್ನರ್ ಯಾರು? ಹುಟ್ಟಿದ್ದು ಮಾಸ್ಕೋದಲ್ಲಿ, ಇಂದಿನ ಪಂಚಾಂಗದ ಪ್ರಕಾರ 1880ರ ಜನವರಿ 5ರಂದು. ಮಾಸ್ಕೋ ಕನ್ಸರ್ವೇಟರಿಯಲ್ಲಿ ಪಿಯಾನೋ ಕಲಿತು 1900ರಲ್ಲಿ ಹೊರಬಂದರು. ದೊಡ್ಡ ಪಿಯಾನೋ ವಾದಕರಾಗಿ ದೇಶ ಸುತ್ತಬಹುದಿತ್ತು, ಎಲ್ಲರೂ ಅದನ್ನೇ ನಿರೀಕ್ಷಿಸಿದ್ದರು. ಇವರು ರಚನೆಗೆ ಕೂತರು. ಬರೆದದ್ದು ಹೆಚ್ಚೂಕಡಿಮೆ ಎಲ್ಲವೂ ಪಿಯಾನೋಕ್ಕೆ, ಇಲ್ಲವೇ ಪಿಯಾನೋ ಜೊತೆಯಾಗಿರುವಂಥದ್ದು: ಹದಿನಾಲ್ಕು ಸೊನಾಟಾಗಳು, ನೂರು ಮೀರಿದ ಹಾಡುಗಳು, ಮೂರು ಪಿಯಾನೋ ಕಾನ್ಸರ್ಟೋಗಳು, ‘ಕಥೆಗಳು’ ಎಂದು ತಾವೇ ಹೆಸರಿಟ್ಟ ಮೂವತ್ತೆಂಟು ಸಣ್ಣ ರಚನೆಗಳು. ಸಿಂಫನಿ ಇಲ್ಲ, ಆಪೆರಾ ಇಲ್ಲ, ಬ್ಯಾಲೆ ಇಲ್ಲ. ಹೆಸರು ಮಾಡಲು ಆ ಕಾಲದ ರಷ್ಯಾದಲ್ಲಿ ಬೇಕಾಗಿದ್ದ ಮೂರನ್ನೂ ಮುಟ್ಟಲಿಲ್ಲ.

1921ರಲ್ಲಿ ರಷ್ಯಾ ಬಿಟ್ಟರು. ಮೊದಲು ಜರ್ಮನಿ, ಆಮೇಲೆ ಫ್ರಾನ್ಸ್. ಎಲ್ಲಿ ಹೋದರೂ ಕಾಲ ಅವರಿಗಿಂತ ಮುಂದೆ ಓಡುತ್ತಿತ್ತು. ಪ್ಯಾರಿಸ್ಸಿನಲ್ಲಿ ಸ್ಟ್ರಾವಿನ್ಸ್ಕಿ ಮನೆಮಾತು, ವಿಯೆನ್ನಾದಲ್ಲಿ ಶೋಯೆನ್‌ಬರ್ಗ್ ಸ್ವರಗಳ ಹಳೆಯ ನಂಟನ್ನೇ ಕಡಿದುಹಾಕಿದ್ದರು. ಮೆಟ್ನರ್ ಬೀಥೋವನ್ ಮತ್ತು ಶೂಮನ್ ಬಿಟ್ಟುಹೋದ ದಾರಿಯಲ್ಲೇ ನಡೆಯುತ್ತಿದ್ದರು. ನಡೆದದ್ದಷ್ಟೇ ಅಲ್ಲ, 1935ರಲ್ಲಿ ‘ಮ್ಯೂಸ್ ಮತ್ತು ಫ್ಯಾಶನ್’ ಎಂಬರ್ಥದ ಹೆಸರಿಟ್ಟು ಒಂದು ಪುಸ್ತಕ ಬರೆದು ಹೊಸಬರನ್ನೆಲ್ಲ ತರಾಟೆಗೆ ತೆಗೆದುಕೊಂಡರು. ಅದನ್ನು ಅಚ್ಚು ಹಾಕಿಸಿದವರು ಗೆಳೆಯ ರಖ್ಮಾನಿನೋವ್. ಆ ರಖ್ಮಾನಿನೋವ್ ತಮ್ಮ ನಾಲ್ಕನೆಯ ಕಾನ್ಸರ್ಟೋವನ್ನು ಮೆಟ್ನರ್‌ಗೆ ಅರ್ಪಿಸಿದ್ದರು, ಮೆಟ್ನರ್ ತಮ್ಮ ಎರಡನೆಯದನ್ನು ಅವರಿಗೆ ಅರ್ಪಿಸಿ ಋಣ ತೀರಿಸಿದ್ದರು. ಇಬ್ಬರ ಬೇರು ಒಂದೇ. ಒಬ್ಬರು ಅಮೆರಿಕದಲ್ಲಿ ಹಣ, ಹೆಸರು ಎರಡನ್ನೂ ಗಳಿಸಿದರು, ಇನ್ನೊಬ್ಬರು 1935ರಲ್ಲಿ ಲಂಡನ್ನಿಗೆ ಬಂದು ಬಾಡಿಗೆ ಕಟ್ಟಲು ಪಾಠ ಹೇಳಿದರು. ನನ್ನ ಕಿವಿಗೆ ತೋಚುವ ಕಾರಣ ಒಂದಿದೆ. ರಖ್ಮಾನಿನೋವ್ ಅವರ ರಾಗ ಮೊದಲ ಸಲಕ್ಕೇ ಮನಸ್ಸಿಗೆ ಹತ್ತುತ್ತದೆ. ಮೆಟ್ನರ್ ಅವರದು ಮೂರನೆಯ ಸಲಕ್ಕೆ. ಕಛೇರಿಗೆ ಬಂದವನು ಕೇಳುವುದು ಒಂದೇ ಸಲ.

ಇಂಥ ಸಂಗೀತಕ್ಕೆ ಬೇಕಾದದ್ದು ಸಭಾಂಗಣವಲ್ಲ, ತಿರುಗಿ ತಿರುಗಿ ಹಾಕಬಹುದಾದ ರೆಕಾರ್ಡ್. ಅದು ಇರಲಿಲ್ಲ. 1930ರ ದಶಕದಲ್ಲಿ ಅವರು ಸ್ಟುಡಿಯೋಗೆ ಹೋಗಿ ನುಡಿಸಿದ್ದುಂಟು, ಅದರಲ್ಲಿ ಬಹುಪಾಲು ಅಂಗಡಿ ಮುಟ್ಟಲಿಲ್ಲ.

ಈಗ ಮೈಸೂರಿನ ಕಡೆಗೆ ಬರೋಣ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವೆಂದರೆ ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ವಾಸುದೇವಾಚಾರ್ಯ ಎಂದು ನಮಗೆ ನೆನಪಾಗುತ್ತದೆ. ಅದೇ ಅರಮನೆಯಲ್ಲಿ ಪಾಶ್ಚಾತ್ಯ ಬ್ಯಾಂಡೂ ಇತ್ತು, ಅದಕ್ಕೆ ಒಟ್ಟೊ ಶ್ಮಿಟ್ ಎಂಬ ಜರ್ಮನ್ ಮೇಷ್ಟ್ರೂ ಇದ್ದರು. ನಾಲ್ವಡಿಯವರು ಸ್ವತಃ ಪಿಟೀಲು, ಸಿತಾರ್, ಪಿಯಾನೋ, ಸ್ಯಾಕ್ಸೊಫೋನ್ ನುಡಿಸುತ್ತಿದ್ದವರು. ತಮ್ಮನ ಮಗ ಜಯಚಾಮರಾಜೇಂದ್ರ ಬೆಳೆದದ್ದು ಈ ಎರಡು ಸಂಗೀತಗಳ ನಡುವೆ. ತಂಗಿ ವಿಜಯಾದೇವಿ ಕೂಡ ಒಳ್ಳೆಯ ಪಿಯಾನೋ ವಾದಕಿ. ಮುಂದೆ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಕಟ್ಟಿದವರು ಅವರೇ. ಹುಡುಗ ಮಹಾರಾಜ ಕಾಲೇಜಿನಲ್ಲಿ ಓದಿ 1938ರಲ್ಲಿ ಪದವಿ ಪಡೆದ. ಕಛೇರಿ ಕೊಡುವ ಪಿಯಾನೋ ವಾದಕನಾಗಬೇಕೆಂಬುದು ಅವನ ಆಸೆ.

1940 ಆ ಆಸೆಯನ್ನು ಮುಗಿಸಿಬಿಟ್ಟಿತು. ಮಾರ್ಚಿನಲ್ಲಿ ತಂದೆ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ತೀರಿಕೊಂಡರು. ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿಯವರು. ಸೆಪ್ಟೆಂಬರಿನಲ್ಲಿ ಪಟ್ಟ. ಇಪ್ಪತ್ತೊಂದರ ಯುವಕನಿಗೆ ಇನ್ನು ಪಿಯಾನೋ ಮುಂದೆ ದಿನಕ್ಕೆ ಎಂಟು ಗಂಟೆ ಕೂರುವ ಹಾಗಿರಲಿಲ್ಲ. ಹಾಗೆಂದು ಬಿಡಲೂ ಇಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸ್ಕೂಲಿನ ಲೈಸೆನ್ಷಿಯೇಟ್ ಪಡೆದರು, 1945ರಲ್ಲಿ ಟ್ರಿನಿಟಿ ಕಾಲೇಜ್ ಆಫ್ ಮ್ಯೂಸಿಕ್ ಅವರನ್ನು ಗೌರವ ಫೆಲೋ ಮಾಡಿಕೊಂಡಿತು. ನುಡಿಸಲಾಗದ್ದನ್ನು ಕೇಳಿ ತೀರಿಸಿಕೊಳ್ಳುವುದು ಉಳಿಯಿತು. ರೆಕಾರ್ಡ್ ಸಂಗ್ರಹ ಬೆಳೆಯಿತು. 1950ರ ಹೊತ್ತಿಗೆ ಅದು ಇಪ್ಪತ್ತು ಸಾವಿರದ ಸುತ್ತಮುತ್ತ ಎಂದು ಅಂದಾಜು.

ಅಷ್ಟು ರೆಕಾರ್ಡು ಇಟ್ಟುಕೊಂಡವನಿಗೆ ಇರುವುದಕ್ಕಿಂತ ಇಲ್ಲದ್ದೇ ಹೆಚ್ಚು ಕಣ್ಣಿಗೆ ಬೀಳುತ್ತದೆ. ಬೀಥೋವನ್ ಐದನೆಯ ಸಿಂಫನಿ ಹಲವಾರು ಬಗೆಯಲ್ಲಿ ಸಿಗುತ್ತಿತ್ತು, ಮೆಟ್ನರ್ ಕಾನ್ಸರ್ಟೋ ಒಂದೂ ಸಿಗುತ್ತಿರಲಿಲ್ಲ. ಸಾಮಾನ್ಯ ಸಂಗ್ರಾಹಕನಾದರೆ ಗೊಣಗಿ ಸುಮ್ಮನಾಗುತ್ತಿದ್ದ. ಮಹಾರಾಜರು ಮಾಡಿಸಿಯೇಬಿಟ್ಟರು.

ಇದನ್ನು ಮಾಡುವ ದಾರಿ ಆಗಲೇ ಲಂಡನ್ನಿನಲ್ಲಿ ಸಿದ್ಧವಿತ್ತು. ಎಚ್‌ಎಮ್‌ವಿ ಕಂಪನಿಯಲ್ಲಿ ವಾಲ್ಟರ್ ಲೆಗ್ ಎಂಬ ಚುರುಕು ತರುಣ ಇದ್ದರು. ಮಾರಾಟವಾಗದ ಸಂಗೀತವನ್ನು ಕಂಪನಿ ರೆಕಾರ್ಡ್ ಮಾಡುವುದಿಲ್ಲ, ರೆಕಾರ್ಡ್ ಇಲ್ಲದೆ ಆ ಸಂಗೀತಕ್ಕೆ ಕೇಳುಗರು ಹುಟ್ಟುವುದಿಲ್ಲ. ಈ ಗಂಟನ್ನು ಬಿಚ್ಚಲು ಲೆಗ್ 1931ರಲ್ಲಿ ಚಂದಾ ಪದ್ಧತಿ ತಂದರು. ಮೊದಲ ಪ್ರಯೋಗ ಹ್ಯೂಗೊ ವೊಲ್ಫ್ ಮೇಲೆ. ವೊಲ್ಫ್ ಜರ್ಮನ್ ಹಾಡಿನ ಮಹಾನುಭಾವ, ಆದರೆ ಇಂಗ್ಲೆಂಡಿನಲ್ಲಿ ಕೇಳಿದವರು ಬೆರಳೆಣಿಕೆ. ಐನೂರು ಜನ ಮುಂಗಡ ಹಣ ಕಟ್ಟಿದರೆ ರೆಕಾರ್ಡ್ ಮಾಡುತ್ತೇವೆ ಎಂದು ಕಂಪನಿ ಸಾರಿತು. ದೂರದ ಜಪಾನಿನಿಂದಲೇ ನೂರಕ್ಕೂ ಹೆಚ್ಚು ಮಂದಿ ಹಣ ಕಳಿಸಿದರು. ಎಲೆನಾ ಗೆರ್‌ಹಾರ್ಟ್ ಹಾಡಿದರು, ತಟ್ಟೆಗಳು ಬಂದವು. ಅದೇ ಮಾದರಿಯಲ್ಲಿ ಸಿಬೇಲಿಯಸ್ ಸೊಸೈಟಿ, ಡೀಲಿಯಸ್ ಸೊಸೈಟಿ, ಷ್ನಾಬೆಲ್ ನುಡಿಸಿದ ಬೀಥೋವನ್ ಸೊನಾಟಾಗಳ ಸೊಸೈಟಿ ಸಾಲಾಗಿ ಹುಟ್ಟಿದವು. ಮರೆತವರನ್ನು ಮತ್ತೆ ಕೇಳಿಸಿದ ಯಶಸ್ವಿ ಉಪಾಯ ಇದು. ವಿಮರ್ಶಕರ ಲೇಖನಗಳು ಮಾಡದ್ದನ್ನು ಐನೂರು ಮನಿಯಾರ್ಡರು ಮಾಡಿದವು.

1946ರ ಮೆಟ್ನರ್ ಸೊಸೈಟಿಯೂ ಹೆಸರಿಗೆ ಅದೇ ಜಾತಿಯದು. ವ್ಯತ್ಯಾಸ ಒಂದೇ: ಐನೂರು ಜನರ ಜಾಗದಲ್ಲಿ ಒಬ್ಬರೇ ಇದ್ದರು.

ಮಹಾರಾಜರ ಈ ಕೆಲಸವನ್ನು ಇಂಗ್ಲಿಷ್ ಲೇಖಕರು ಪೂರ್ವದೇಶದ ರಾಜನ ವಿಚಿತ್ರ ಹವ್ಯಾಸ ಎಂಬಂತೆ ಬರೆಯುವುದುಂಟು. ಮೈಸೂರನ್ನು ಬಲ್ಲವರಿಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಅದೇ ಅರಮನೆಯ ಬೆಂಬಲದಿಂದ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆ ಹೊರಬರುತ್ತಿತ್ತು. ಋಗ್ವೇದವನ್ನು ಭಾಷ್ಯ ಸಮೇತ ಕನ್ನಡಕ್ಕೆ ಇಳಿಸುವ ಕೆಲಸ ಸಂಪುಟದ ಮೇಲೆ ಸಂಪುಟವಾಗಿ ಸಾಗಿತ್ತು. ಮೆಟ್ನರ್ ಸೊಸೈಟಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಬಿಡಿ ಆಯ್ಕೆ ಅಲ್ಲ, ಸಮಗ್ರ. ಬಲ್ಲವರಿಂದಲೇ ಪಾಠ. ಕೊಳ್ಳುವವರು ಎಷ್ಟು ಮಂದಿ ಎಂಬ ಲೆಕ್ಕವಿಲ್ಲ. ಇದು ಗ್ರಂಥಮಾಲೆಯ ಬುದ್ಧಿ, ಅಚ್ಚಿನಿಂದ ಅರಗಿಗೆ ಹೋಯಿತು ಅಷ್ಟೆ. ಅರಗು ಎಂದದ್ದು ಅಲಂಕಾರಕ್ಕಲ್ಲ. ಆ ಕಾಲದ 78 ಸುತ್ತಿನ ತಟ್ಟೆಗೆ ಬೇಕಾದ ಶೆಲಾಕ್ ಬರುತ್ತಿದ್ದುದು ಬಹುಪಾಲು ನಮ್ಮ ದೇಶದ ಅರಗಿನ ಹುಳುವಿನಿಂದಲೇ.

ಆ ತಟ್ಟೆ ಎಷ್ಟು ಜಿಪುಣ ಎಂಬುದನ್ನು ಇಂದಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹನ್ನೆರಡು ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುವುದು ನಾಲ್ಕು, ನಾಲ್ಕೂವರೆ ನಿಮಿಷ. ಮೆಟ್ನರ್ ಅವರ ಮೂರನೆಯ ಕಾನ್ಸರ್ಟೋಗೆ ಅರ್ಧ ಗಂಟೆ ಮೀರಿ ಬೇಕು. ಹಾಗಾಗಿ ಅದನ್ನು ಮೊದಲೇ ತುಂಡು ಹಾಕಿಕೊಳ್ಳಬೇಕು: ಎಲ್ಲಿ ನಿಂತರೆ ಕೇಳುಗನ ಉಸಿರು ಕಟ್ಟುವುದಿಲ್ಲ, ಎಲ್ಲಿಂದ ಹಿಡಿದರೆ ಗತಿ ಹಾಳಾಗುವುದಿಲ್ಲ. ಸ್ಟುಡಿಯೋದಲ್ಲಿ ದಪ್ಪ ಮೇಣದ ಬಿಲ್ಲೆ ತಿರುಗುತ್ತದೆ, ಮುಳ್ಳು ಅದರಲ್ಲಿ ಗೀರು ಕೊರೆಯುತ್ತದೆ. ಕತ್ತರಿಸಿ ಅಂಟಿಸುವಂತಿಲ್ಲ. ಮೂರನೆಯ ನಿಮಿಷದಲ್ಲಿ ಒಂದು ಬೆರಳು ಜಾರಿದರೆ ಇಡೀ ಮಗ್ಗುಲು ಮೊದಲಿಂದ. ಕೊರೆದ ಮೇಣವನ್ನು ಹಾಕಿ ಕೇಳಿದರೆ ಆ ಮೇಣ ಕೆಟ್ಟಿತು, ಅದರಿಂದ ತಟ್ಟೆ ಮಾಡುವಂತಿಲ್ಲ. ಹೃದ್ರೋಗವಿದ್ದ, ಎಪ್ಪತ್ತರತ್ತ ಸಾಗಿದ್ದ ಮನುಷ್ಯ ಈ ಕಟ್ಟುಪಾಡಿನೊಳಗೆ ತಮ್ಮ ಮೂರು ಕಾನ್ಸರ್ಟೋಗಳನ್ನೂ 1947ರಲ್ಲಿ ನುಡಿಸಿ ಮುಗಿಸಿದರು. ಮೂರೂ ಬೆರಳು ಮುರಿಯುವಷ್ಟು ಕಷ್ಟದವು. ಜೊತೆಗೆ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ. ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ರಷ್ಯಾದವರೇ ಆದ ಇಸ್ಸಾಯ್ ಡೊಬ್ರೊವೆನ್ ನಿರ್ದೇಶಕರು.

ಮೂರನೆಯ ಕಾನ್ಸರ್ಟೋ ಬಗ್ಗೆ ಇನ್ನೆರಡು ಮಾತು. ಬಾಂಬಿಗೆ ಹೆದರಿ ಲಂಡನ್ ಬಿಟ್ಟು, ಶಿಷ್ಯೆ ಎಡ್ನಾ ಐಲ್ಸ್ ಕುಟುಂಬದ ಆಶ್ರಯದಲ್ಲಿ ವಾರಿಕ್‌ಷೈರಿನ ಹಳ್ಳಿಯಲ್ಲಿದ್ದಾಗ ಅವರು ಅದರಲ್ಲಿ ತೊಡಗಿದ್ದರು. ಮುಗಿದದ್ದು 1943ರಲ್ಲಿ. ಲೆರ್ಮೊಂಟೊವ್ ಬರೆದ ಜಲಕನ್ಯೆಯ ಕವಿತೆ ಅದರ ಹಿನ್ನೆಲೆ. 1944ರ ಫೆಬ್ರವರಿ 19ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಏಡ್ರಿಯನ್ ಬೋಲ್ಟ್ ನಿರ್ದೇಶನದಲ್ಲಿ ಮೆಟ್ನರ್ ಅವರೇ ಮೊದಲ ಸಲ ನುಡಿಸಿದರು. ಸ್ವರಲಿಪಿ ಅಚ್ಚಾದಾಗ ಅದನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. ಒಬ್ಬ ರಷ್ಯನ್ ರೊಮ್ಯಾಂಟಿಕ್ಕನ ಕಾನ್ಸರ್ಟೋದ ಮೊದಲ ಪುಟದಲ್ಲಿ ನಮ್ಮ ಊರಿನ ಹೆಸರು ಹೀಗೆ ಕೂತಿದೆ.

ಕಾನ್ಸರ್ಟೋಗಳಲ್ಲದೆ ಹಾಡುಗಳು, ಪಿಟೀಲು ಸೊನಾಟಾ, ಹಲವು ‘ಕಥೆಗಳು’ ಬಂದವು. ಎರಡು ಪಿಯಾನೋಗಳ ರಚನೆಯೊಂದಕ್ಕೆ ಬೆನ್ನೊ ಮೊಯಿಸೆವಿಚ್ ಜೊತೆಯಾದರು. 1949ರಲ್ಲಿ ಪಿಯಾನೋ ಕ್ವಿಂಟೆಟ್. ಅದನ್ನು ಮೆಟ್ನರ್ ಶುರುಮಾಡಿದ್ದು ಇಪ್ಪತ್ತರ ಹರೆಯದಲ್ಲಿ, ಮುಗಿಸಿದ್ದು ನಾಲ್ಕು ದಶಕ ದಾಟಿದ ಮೇಲೆ. ತಮ್ಮ ಜೀವಮಾನದ ಸಾರ ಅದರಲ್ಲಿದೆ ಎಂದು ನಂಬಿದ್ದರು. ಮುಗಿದ ಬೆನ್ನಿಗೇ ಅದು ತಟ್ಟೆಗೆ ಇಳಿಯಿತು. ಮೈಸೂರಿನ ಹಣ ಒಂದೆರಡು ವರ್ಷ ತಡವಾಗಿ ಬಂದಿದ್ದರೆ ಅದನ್ನು ಬರೆದವರ ಕೈಯಲ್ಲಿ ನಾವು ಕೇಳುತ್ತಲೇ ಇರಲಿಲ್ಲ. 1950ರಲ್ಲಿ ಸೊಪ್ರಾನೊ ಎಲಿಸಬೆತ್ ಶ್ವಾರ್ಜ್‌ಕಾಫ್ ಹಾಡಿದ ಹಾಡುಗಳಿಗೆ ಪಿಯಾನೋ ನುಡಿಸಿದ್ದು ಅವರ ಕೊನೆಯ ಕೆಲಸಗಳಲ್ಲೊಂದು.

1947 ಎಂದೊಡನೆ ಮೈಸೂರಿನವರಿಗೆ ಮೆಟ್ನರ್ ನುಡಿಸಿದ ಅಬೇ ರೋಡ್ ಸ್ಟುಡಿಯೋ ನೆನಪಾಗುವುದಿಲ್ಲ. ಆ ವರ್ಷ ಇಲ್ಲಿ ‘ಮೈಸೂರು ಚಲೋ’. ಜವಾಬ್ದಾರಿ ಸರ್ಕಾರಕ್ಕಾಗಿ ಸೆಪ್ಟೆಂಬರಿನಲ್ಲಿ ಜನ ಬೀದಿಗಿಳಿದರು, ದಿವಾನ ಆರ್ಕಾಟ್ ರಾಮಸ್ವಾಮಿ ಮುದಲಿಯಾರರ ವಿರುದ್ಧ ‘ಆರ್ಕಾಟ್ ಬಾಯ್ಕಾಟ್’ ಕೂಗಿದರು, ಜೈಲುಗಳು ತುಂಬಿದವು. ಅಕ್ಟೋಬರಿನಲ್ಲಿ ಅರಮನೆ ಮಣಿದು ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಇತ್ತ ದಸರಾ ನಡೆಯುತ್ತದೋ ಇಲ್ಲವೋ ಎಂಬ ಗೊಂದಲ, ಅತ್ತ ಅದೇ ಮಹಾರಾಜರ ಖರ್ಚಿನಲ್ಲಿ ಡೊಬ್ರೊವೆನ್ ಕೋಲು ಎತ್ತುತ್ತಿದ್ದರು. ಇದು ಯಾರ ಹಣ ಎಂಬ ಪ್ರಶ್ನೆ ಸುಳ್ಳಲ್ಲ. ರೇಷನ್ ಅಂಗಡಿಯ ಮುಂದೆ ನಿಂತಿದ್ದ ಚನ್ನಪಟ್ಟಣದ ನೇಕಾರನಿಗೆ ಮೆಟ್ನರ್ ಉಳಿದರೆ ಬಂದದ್ದೇನು, ಹೋದದ್ದೇನು? ಕಲೆಯ ಹೆಸರು ಹೇಳಿ ಈ ಪ್ರಶ್ನೆಯನ್ನು ಬದಿಗೆ ಸರಿಸುವವರ ಜೊತೆ ನಾನಿಲ್ಲ. ಆದರೆ ಅದೇ ಕಾಲದ ಇತರ ಸಂಸ್ಥಾನಿಕರ ಹಣ ರೇಸ್ ಕುದುರೆಗೂ ರೋಲ್ಸ್ ರಾಯ್ಸಿಗೂ ಹರಿದದ್ದನ್ನು ನೋಡಿದರೆ, ಇಲ್ಲಿ ಹಣ ಹೋಗಿ ಕೇಳಬಹುದಾದ ವಸ್ತುವೊಂದು ಉಳಿಯಿತು ಎಂದಾದರೂ ಹೇಳಬಹುದು.

ಉಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾನಿರುವ ಸೀಮೆಯೇ ಸಾಕ್ಷಿ. ಇಚಲಕರಂಜಿಯ ಮಗ್ಗದ ಸದ್ದು ಕೇಳುವಷ್ಟು ಹತ್ತಿರದ ಕೊರೋಚಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಇಲ್ಲಿಂದ ಕೊಲ್ಹಾಪುರ ದೂರವಲ್ಲ. ಅಲ್ಲಿಯ ಶಾಹೂ ಮಹಾರಾಜರು 1895ರಲ್ಲಿ ಅಲ್ಲಾದಿಯಾ ಖಾನರನ್ನು ಆಸ್ಥಾನಕ್ಕೆ ಕರೆಸಿಕೊಂಡರು. ಜೈಪುರ ಘರಾನೆ ಎಂದು ನಾವು ಕರೆಯುವ ಗಾಯಕಿ ರೂಪ ತಳೆದದ್ದು ಈ ಊರಲ್ಲಿ, ಖಾನ್ ಸಾಹೇಬರ ಗಂಟಲಲ್ಲಿ. ಅವರು ರೆಕಾರ್ಡ್ ಕೊಡಲಿಲ್ಲ. 1946ರ ಮಾರ್ಚ್ 16ರಂದು ಮುಂಬಯಿಯಲ್ಲಿ ತೀರಿಕೊಂಡರು. ಮೆಟ್ನರ್ ಸೊಸೈಟಿ ಹುಟ್ಟಿದ ವರ್ಷವೂ ಅದೇ. ಇಂದು ಅವರ ದನಿ ಹೇಗಿತ್ತೆಂದು ತಿಳಿಯಲು ಶಿಷ್ಯೆ ಕೇಸರಬಾಯಿ ಕೇರ್ಕರ್ ಅವರ ತಟ್ಟೆಗಳ ಮೂಲಕ, ಮಕ್ಕಳಾದ ಮಂಜೀ ಖಾನ್ ಮತ್ತು ಭೂರ್ಜೀ ಖಾನರಿಂದ ಕಲಿತ ನಮ್ಮ ಮಲ್ಲಿಕಾರ್ಜುನ ಮನಸೂರರ ಮೂಲಕ ಊಹಿಸಬೇಕು. ಪಕ್ಕದ ಮಿರಜದ ಅಬ್ದುಲ್ ಕರೀಂ ಖಾನರು ಹಾಗೆ ಮಾಡಲಿಲ್ಲ, ತಟ್ಟೆಗೆ ಹಾಡಿದರು. ಮೈಸೂರು ಆಸ್ಥಾನಕ್ಕೂ ಹೋಗಿಬರುತ್ತಿದ್ದವರು ಅವರು. ಗದುಗಿನ ಹುಡುಗ ಭೀಮಸೇನ ಅವರ ಠುಮರಿಯ ರೆಕಾರ್ಡ್ ಕೇಳಿ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಹೋದ ಸಂಗತಿ ಎಲ್ಲರಿಗೂ ಗೊತ್ತು. ನಾಲ್ಕು ನಿಮಿಷದ ಮಗ್ಗುಲೊಂದು ಏನು ಮಾಡಬಲ್ಲುದು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಲೆಗ್ ಅವರ ಕಡೆಗೆ ಮರಳೋಣ. ಅವರು ಮೈಸೂರಿಗೂ ಬಂದು ಕೆಲವು ವಾರ ಅತಿಥಿಯಾಗಿದ್ದರು. ಅರಮನೆಯೊಂದರಲ್ಲಿ ಕಂಡ ರೆಕಾರ್ಡ್ ಭಂಡಾರ, ತರಹೇವಾರಿ ಧ್ವನಿವರ್ಧಕಗಳು, ಸಾಲು ಗ್ರ್ಯಾಂಡ್ ಪಿಯಾನೋಗಳು ಅವರನ್ನು ಬೆರಗಾಗಿಸಿದವು, ಅದನ್ನು ಮುಂದೆ ಬರೆದಿಟ್ಟರು. ಲೆಗ್ 1945ರಲ್ಲಿ ಕಟ್ಟಿದ್ದ ಫಿಲ್‌ಹಾರ್ಮೋನಿಯಾ ಆಗ ಕಾಲೂರಲು ಒದ್ದಾಡುತ್ತಿತ್ತು. ಮಹಾರಾಜರು ವರ್ಷಕ್ಕೆ ಹತ್ತು ಸಾವಿರ ಪೌಂಡಿನಂತೆ ಮೂರು ವರ್ಷ ಕೊಡಲು ಒಪ್ಪಿದರು ಎಂಬುದು ಲೆಗ್ ಅವರದೇ ಲೆಕ್ಕ. ಆಗಿನ ದರದಲ್ಲಿ ಒಟ್ಟು ನಾಲ್ಕು ಲಕ್ಷ ರೂಪಾಯಿ. 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ ಆದರು.

ಹಣ ಕೊಟ್ಟವರಿಗೆ ಬೇಕಾದದ್ದನ್ನು ಕೇಳುವ ಹಕ್ಕೂ ಬಂತು. ಇಲ್ಲಿ ಅವರ ಅಭಿರುಚಿ ಬಯಲಾಗುತ್ತದೆ. ಮಹಾರಾಜರ ಹೆಸರಿನ ಮ್ಯೂಸಿಕಲ್ ಫೌಂಡೇಶನ್ ಅಡಿಯಲ್ಲಿ 1949ರಲ್ಲಿ ಬಂದ ರೆಕಾರ್ಡುಗಳನ್ನು ನೋಡಿ: ಬಾಲಕಿರೆವ್ ಅವರ ಮೊದಲ ಸಿಂಫನಿ, ರುಸೆಲ್ ಅವರ ನಾಲ್ಕನೆಯದು, ಬಾರ್ಟೋಕ್. ಮೂರನ್ನೂ ನಿರ್ದೇಶಿಸಿದ್ದು ಹೆರ್ಬರ್ಟ್ ಫಾನ್ ಕಾರಯಾನ್. ನಾಜಿ ಪಕ್ಷದ ಸದಸ್ಯರಾಗಿದ್ದ ಕಾರಣ ಅವರ ಮೇಲಿದ್ದ ನಿಷೇಧ ತೆರವಾಗಿ ಎರಡೇ ವರ್ಷವಾಗಿತ್ತು. ಬಾಲಕಿರೆವ್ ಎಂದರೆ ರಷ್ಯನ್ ಸಂಗೀತದ ಪಂಚಕೂಟದ ಗುರು. ಮುಸೋರ್ಗ್‌ಸ್ಕಿ, ಬೊರೊದಿನ್, ರಿಮ್ಸ್ಕಿ-ಕೊರ್ಸಕೊವ್ ಎಲ್ಲರನ್ನೂ ತಿದ್ದಿದವರು. ತಮ್ಮ ಸಿಂಫನಿಯನ್ನು ಮಾತ್ರ 1864ರಲ್ಲಿ ಹಿಡಿದು 1897ರಲ್ಲಿ ಮುಗಿಸಿದರು. ಆ ಹೊತ್ತಿಗೆ ಶಿಷ್ಯರು ಅದೇ ಭಾಷೆಯಲ್ಲಿ ಬೇಕಾದಷ್ಟು ಬರೆದು ಲೋಕಕ್ಕೆ ಹಳತಾಗಿಸಿದ್ದರು. ಕಾರಯಾನ್‌ರಂಥ ಮಹತ್ವಾಕಾಂಕ್ಷಿ ತಾವಾಗಿ ಅದನ್ನು ಎತ್ತಿಕೊಳ್ಳುತ್ತಿದ್ದರೆಂದು ನನಗನ್ನಿಸುವುದಿಲ್ಲ.

ಈ ಕಥೆಯಲ್ಲಿ ಹೆಚ್ಚು ಪ್ರಸಿದ್ಧವಾದ ರಾತ್ರಿ 1950ರ ಮೇ 22ರದು. ರಾಯಲ್ ಆಲ್ಬರ್ಟ್ ಹಾಲ್. ರಿಚರ್ಡ್ ಸ್ಟ್ರಾಸ್ ಹಿಂದಿನ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು. 1948ರಲ್ಲಿ ಬರೆದ ನಾಲ್ಕು ಹಾಡುಗಳು ಇನ್ನೂ ಯಾರ ಕಿವಿಗೂ ಬಿದ್ದಿರಲಿಲ್ಲ. ಅವನ್ನು ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಬೇಕೆಂದು ಸ್ಟ್ರಾಸ್ ಬಯಸಿದ್ದರು. ಆ ರಾತ್ರಿ ಫ್ಲಾಗ್‌ಸ್ಟಾಡ್, ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್ ಮತ್ತು ಫಿಲ್‌ಹಾರ್ಮೋನಿಯಾ ಸೇರಿ ಅವನ್ನು ಮೊದಲ ಸಲ ಕೇಳಿಸಿದರು. ನಷ್ಟವಾದರೆ ಇರಲಿ ಎಂದು 4,800 ಡಾಲರ್ ಖಾತರಿ ಕೊಟ್ಟವರು ನಮ್ಮ ಮಹಾರಾಜರು. ಅವರ ಷರತ್ತು ಒಂದೇ: ಹಾಡುಗಳನ್ನು ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸಬೇಕು. ಸಭಾಂಗಣದಲ್ಲಿ ಸಾವಿರಾರು ಜನ ಕೇಳಿದರು, ಖರ್ಚಿಗೆ ಆಧಾರವಾಗಿ ನಿಂತವರು ಸಾವಿರಾರು ಮೈಲಿ ದೂರದಲ್ಲಿ ಹಡಗಿನ ಪೊಟ್ಟಣಕ್ಕೆ ಕಾದರು. ಅಂದು ಕೊರೆದ ತಟ್ಟೆಗಳ ಸದ್ದು ಗೊರಗೊರ ಎನ್ನುತ್ತದೆ, ಆದರೂ ಉಳಿದಿದೆ. ಈಗ ಸಿ.ಡಿ.ಯಲ್ಲೂ ಸಿಗುತ್ತದೆ.

ಆ ನಾಲ್ಕರಲ್ಲಿ ಮೂರು ಹಾಡುಗಳ ಕವಿ ಹೆರ್ಮನ್ ಹೆಸ್ಸೆ. ‘ಸಿದ್ಧಾರ್ಥ’ ಬರೆದವರೇ. ಅವರ ತಾಯಿಯ ತಂದೆ ಹೆರ್ಮನ್ ಗುಂಡರ್ಟ್, ನಮ್ಮ ಕಿಟೆಲ್ ಇದ್ದ ಬಾಸೆಲ್ ಮಿಷನ್ನಿನವರೇ. ತಲಶ್ಶೇರಿಯಲ್ಲಿದ್ದು ಮಲಯಾಳಂ ನಿಘಂಟು ಕಟ್ಟಿದವರು. ಕರಾವಳಿಯ ಮಿಷನ್ ಮನೆತನದ ಮೊಮ್ಮಗನ ಕವಿತೆ ಜರ್ಮನ್ ಹಾಡಾಗಿ ಮೈಸೂರಿನ ಅರಮನೆಗೆ ಬಂದಿಳಿಯಿತು. ಇದರಿಂದ ಏನೂ ಸಿದ್ಧವಾಗುವುದಿಲ್ಲ, ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಮೆಟ್ನರ್ 1951ರ ನವೆಂಬರ್ 13ರಂದು ಲಂಡನ್ನಿನಲ್ಲಿ ತೀರಿಕೊಂಡರು. ಮೂರು ಸಂಪುಟಗಳ ತಟ್ಟೆಗಳು ಹೊರಬಂದಿದ್ದವು. ಎಲ್ಲವನ್ನೂ ರೆಕಾರ್ಡ್ ಮಾಡಿಸುವ ಸಂಕಲ್ಪ ಅರ್ಧಕ್ಕೆ ನಿಂತಿತು. ನಿಲ್ಲಲು ಇನ್ನೂ ಎರಡು ಕಾರಣಗಳಿದ್ದವು. ಮಹಾರಾಜರ ಕೈ ಮೊದಲಿನಷ್ಟು ಸಡಿಲವಿರಲಿಲ್ಲ. ಸಂಸ್ಥಾನ ಹೋಗಿ ರಾಜಪ್ರಮುಖರಾಗಿದ್ದರು, ವರ್ಷಕ್ಕೆ 26 ಲಕ್ಷ ರಾಜಧನ. ಅಲ್ಲದೆ ಹೊಸ ಲಾಂಗ್ ಪ್ಲೇ ತಟ್ಟೆ ಬಂದು 78ರ ಕಾಲವೇ ಮುಗಿಯುತ್ತ ಬಂದಿತ್ತು. ಅಷ್ಟು ಕಷ್ಟಪಟ್ಟು ತುಂಡು ಹಾಕಿ ನುಡಿಸಿದ ಕಾನ್ಸರ್ಟೋಗಳು ಹೊರಬಂದ ಕೆಲವೇ ವರ್ಷಗಳಲ್ಲಿ ಹಳೆಯ ತಂತ್ರಜ್ಞಾನವಾಗಿ ಕಪಾಟು ಸೇರಿದವು. ಮೆಟ್ನರ್ ಅವರ ಹಣೆಬರಹ ಕೊನೆಯವರೆಗೂ ಹಾಗೇ.

ಆದರೂ ತಟ್ಟೆಗಳು ಇದ್ದವು. ಆನಾ 1958ರಲ್ಲಿ ಮಾಸ್ಕೋಗೆ ಮರಳಿದರು. ಮರುವರ್ಷದಿಂದ ಅಲ್ಲಿ ಮೆಟ್ನರ್ ಅವರ ಸಮಗ್ರ ರಚನೆಗಳು ಹನ್ನೆರಡು ಸಂಪುಟಗಳಲ್ಲಿ ಅಚ್ಚಾದವು. ಎಮಿಲ್ ಗಿಲೆಲ್ಸ್‌ರಂಥ ದೊಡ್ಡವರು ಕೈಗೆತ್ತಿಕೊಂಡರು. 1990ರ ದಶಕದ ಆರಂಭದಲ್ಲಿ ಲಂಡನ್ನಿನ ಹೈಪೀರಿಯನ್ ಕಂಪನಿ ಮರೆತುಹೋದ ರೊಮ್ಯಾಂಟಿಕ್ ಪಿಯಾನೋ ಕಾನ್ಸರ್ಟೋಗಳ ಸಾಲು ಶುರುಮಾಡಿದಾಗ ಎರಡನೆಯ ಸಂಪುಟಕ್ಕೇ ಮೆಟ್ನರ್ ಬಂದರು, ನುಡಿಸಿದವರು ನಿಕೊಲಾಯ್ ಡೆಮಿಡೆಂಕೊ. ಆಮೇಲೆ ಮಾರ್ಕ್-ಆಂಡ್ರೆ ಹ್ಯಾಮ್ಲಿನ್ ಹದಿನಾಲ್ಕೂ ಸೊನಾಟಾಗಳನ್ನು ರೆಕಾರ್ಡ್ ಮಾಡಿದರು. ಹೊಸಬರು ಎಲ್ಲಿ ನಿಧಾನಿಸಬೇಕು, ಎಲ್ಲಿ ಒತ್ತು ಕೊಡಬೇಕು ಎಂದು ತಡಕಾಡಿದಾಗ ಕೇಳಿ ನೋಡಲು ಬರೆದವರದೇ ಕೈ ಇತ್ತು. ಅಷ್ಟರಮಟ್ಟಿಗೆ ಮೈಸೂರಿನ ಹಣ ಕೆಲಸ ಮಾಡಿತ್ತು.

ಮಹಾರಾಜರು ಅಷ್ಟರಲ್ಲಿ ಬೇರೆ ದಾರಿ ಹಿಡಿದಿದ್ದರು. ವಾಸುದೇವಾಚಾರ್ಯರ ಬಳಿ ಕರ್ನಾಟಕ ಸಂಗೀತ ಕಲಿತು ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ನಮ್ಮ ಕಛೇರಿಗಳಲ್ಲಿ ‘ಶ್ರೀ ಜಾಲಂಧರಂ’ ಹಾಡಿದಾಗ ಅವರ ಹೆಸರು ಹೇಳುತ್ತಾರೆ, ಮೆಟ್ನರ್ ಹೆಸರು ಬರುವುದಿಲ್ಲ. ಲಂಡನ್ನಿನ ಸಿ.ಡಿ. ಟಿಪ್ಪಣಿಗಳಲ್ಲಿ ಮೆಟ್ನರ್ ಪಕ್ಕದಲ್ಲಿ ಅವರ ಹೆಸರಿರುತ್ತದೆ, ಕೃತಿಗಳ ಮಾತು ಬರುವುದಿಲ್ಲ. ಒಬ್ಬನೇ ಮನುಷ್ಯನನ್ನು ಎರಡು ಊರುಗಳು ಹಂಚಿಕೊಂಡು ಅರ್ಧರ್ಧ ಇಟ್ಟುಕೊಂಡಿವೆ. ಅಪರೂಪದ, ಹೊಸದಾಗಿ ಕಟ್ಟಿದ ರಾಗಗಳ ಮೇಲೆ ಅವರಿಗಿದ್ದ ಮೋಹವನ್ನೂ ಯಾರೂ ನುಡಿಸದ ಸಿಂಫನಿಗಳ ಮೇಲಿದ್ದ ಮೋಹವನ್ನೂ ಜೊತೆಗಿಟ್ಟು ಸಂಗೀತ ಬಲ್ಲವರೊಬ್ಬರು ಬರೆಯಬೇಕು. ನನ್ನ ಶಕ್ತಿಗೆ ಮೀರಿದ ಕೆಲಸ ಅದು.

ಕೇಳಬೇಕೆನ್ನುವವರಿಗೆ ಒಂದು ಮಾತು. ಮೈಸೂರಿನ ಹೆಸರಿದೆ ಎಂಬ ಅಭಿಮಾನಕ್ಕೆ ಮೂರನೆಯ ಕಾನ್ಸರ್ಟೋದಿಂದ ಶುರುಮಾಡಬೇಡಿ. ಅದು ಉದ್ದ, ಅದರ ದಾರಿ ತಕ್ಷಣ ಸಿಗುವುದಿಲ್ಲ. ‘ಸೊನಾಟಾ ರೆಮಿನಿಸೆಂಜಾ’ ಎಂಬ ಒಂದೇ ಅಂಕದ ಸೊನಾಟಾ ಇದೆ, ಗಿಲೆಲ್ಸ್ ನುಡಿಸಿದ್ದು ಸುಲಭವಾಗಿ ಸಿಗುತ್ತದೆ, ಕಾಲು ಗಂಟೆಯ ಬಾಬತ್ತು. ಅದನ್ನು ಮೂರು ಸಲ ಹಾಕಿ. ಆಮೇಲೆ ಒಂದೆರಡು ‘ಕಥೆ’ಗಳು, ಆಮೇಲೆ 1947ರ ಕಾನ್ಸರ್ಟೋ. ಕ್ವಿಂಟೆಟ್ ಕೊನೆಗಿರಲಿ, ಫೋನನ್ನು ಪಕ್ಕದ ಕೋಣೆಯಲ್ಲಿಟ್ಟು ಬನ್ನಿ.